ಹೋದದ್ದು ಯಾವ ವಾಲ್ವು?

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದೆಯೆಂದು ಪತ್ರಿಕೆಯಲ್ಲಿ ಓದಿ ಹಿಗ್ಗಿದ ಬೆಳಿಗ್ಗೆಯೇ, ಮೈಸೂರಿನ ನಮ್ಮ ಬಚ್ಚಲುಮನೆಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನನ್ನ ಮೈತುಂಬ ಸೋಪಿತ್ತು. ವಾಲ್ವ್‌ಮನ್ ರಾತ್ರಿಯೇ ನೀರು ಬಿಟ್ಟುಹೋಗಿದ್ದರಿಂದ ಸಂಪು ತುಂಬಿತ್ತು. ಆದರೆ ಅದರ ತಳದಲ್ಲಿರುವ ಫುಟ್ ವಾಲ್ವ್ ಕೆಟ್ಟು, ಪೈಪಿನಲ್ಲಿ ನಿಲ್ಲಬೇಕಾದ ನೀರೆಲ್ಲ ಸಂಪಿಗೇ ಇಳಿದುಹೋಗಿ, ಮೋಟಾರು ಬರೀ ಗಾಳಿ ಕುಡಿಯುತ್ತ ಗುಂಯ್‌ಗುಡುತ್ತಿತ್ತು.

ಟವೆಲು ಸುತ್ತಿಕೊಂಡು ಕಾಂಪೌಂಡಿನ ಬಳಿ ನಿಂತು ಪ್ಲಂಬರ್‌ಗೆ ಫೋನು ಮಾಡಿದೆ. "ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲಪ್ಪ, ಮೇಲೆ ಹೋದದ್ದೆಲ್ಲ ಹಿಂದಕ್ಕೇ ಬರುತ್ತಿದೆ. ರಿಪೇರಿ ಬೇಡ, ಹೊಸದನ್ನೇ ಹಾಕಿಬಿಡು" ಎಂದೆ.

ಕಾಲು ಗಂಟೆಯೊಳಗೆ ಪಕ್ಕದ ಮನೆಯ ನಿವೃತ್ತ ಮೇಷ್ಟರು ಆರು ಮೂಸಂಬಿ ಹಿಡಿದುಕೊಂಡು ಬಂದರು. ನನ್ನನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲು ಹತ್ತಬಾರದು, ಉಪ್ಪಿನಕಾಯಿ ಮುಟ್ಟಬಾರದು ಎಂದು ಆಜ್ಞೆ ಮಾಡಿದರು. ಕುತ್ತಿಗೆಯ ಸೋಪು ಒಣಗಿ ಬಿಳಿಚಿಕೊಂಡಿದ್ದುದನ್ನು ನೋಡಿ, "ಬಣ್ಣವೇ ಹೇಳುತ್ತದೆ ಬಿಡಿ" ಎಂದು ನಿಟ್ಟುಸಿರಿಟ್ಟರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಲೋಹದ್ದನ್ನೂ ಹಾಕುತ್ತಾರೆ, ಹಂದಿಯದ್ದನ್ನೂ ಹಾಕುತ್ತಾರೆ. ನಮ್ಮಂಥವರ ಮನೆಯಲ್ಲಿ ಯಾವುದಾಗುತ್ತದೆ ಎಂದು ಡಾಕ್ಟರಿಗೆ ಮೊದಲೇ ತಿಳಿಸಿಬಿಡಿ" ಎಂದು ಪಿಸುಗುಟ್ಟಿದರು. ಹೃದಯದ ನಾಲ್ಕು ಕವಾಟಗಳಲ್ಲಿ ಕೆಟ್ಟಿರುವುದು ಯಾವುದೆಂಬ ವಿಚಾರಣೆಯೂ ನಡೆಯಿತು. ಸಂಪಿನದು ಎಂದೆ. ಅಂಥದ್ದೊಂದು ಐದನೆಯದಿದೆಯೇ ಎಂದು ಅವರು ಕ್ಷಣಕಾಲ ಯೋಚಿಸಿದಂತೆ ಕಂಡಿತು.

ತಪ್ಪು ಅವರದಲ್ಲ. ಕುಕ್ಕರಿಗೂ ಸೈಕಲ್ ಟ್ಯೂಬಿಗೂ ಗ್ಯಾಸ್ ಸಿಲಿಂಡರಿಗೂ ಎದೆಗೂ ಒಂದೇ ಹೆಸರಿಟ್ಟರೆ ಇನ್ನೇನಾಗುತ್ತದೆ? ಲ್ಯಾಟಿನ್ನಿನ 'ವಾಲ್ವಾ' ಎಂದರೆ ಬಾಗಿಲಿನ ಕದ, ನಮ್ಮ ಕವಾಟಕ್ಕೂ ಅದೇ ಅರ್ಥ ಎಂದು ಮೇಷ್ಟರೇ ವಿವರಿಸಿದರು. ಪಾಠ ಹೇಳಲು ಸಿಕ್ಕ ಅವಕಾಶವನ್ನು ಅವರು ಎಂದೂ ಬಿಟ್ಟವರಲ್ಲ.

ಆ ಮಾತಿನ ನಡುವೆ ಅಪ್ಪನ ವಾಲ್ವ್ ರೇಡಿಯೊ ನೆನಪಾಯಿತು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಗಾಜಿನ ಬುರುಡೆಯನ್ನು 1904ರಲ್ಲಿ ಮಾಡಿದ ಇಂಗ್ಲೆಂಡಿನ ವಿಜ್ಞಾನಿ ಫ್ಲೆಮಿಂಗ್ ಅದಕ್ಕೂ ವಾಲ್ವ್ ಎಂದೇ ಹೆಸರಿಟ್ಟರಂತೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರು ನಮ್ಮದು ಎಂದು ಅಪ್ಪ ಗುಂಡಿ ತಿರುಗಿಸುವಾಗಲೆಲ್ಲ ಹೇಳುತ್ತಿದ್ದರು. ಬುರುಡೆಗಳು ಕಾದು ಕೆಂಪಗಾಗುವವರೆಗೆ ದನಿ ಹೊರಡುತ್ತಿರಲಿಲ್ಲ. ಅಷ್ಟು ಹೊತ್ತೂ ಮನೆಮಂದಿಯೆಲ್ಲ ಆ ಪೆಟ್ಟಿಗೆಯನ್ನೇ ನೋಡುತ್ತ ಸುಮ್ಮನೆ ಕುಳಿತಿರುತ್ತಿದ್ದೆವು.

ವಿಷಯ ಬಗೆಹರಿದ ಮೇಲೆ ಮೇಷ್ಟರ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿದ್ದಂತೆ ನನಗನಿಸಿತು. ಮೂಸಂಬಿಗಳತ್ತ ಒಮ್ಮೆ ನೋಡಿ, "ಪ್ಲಂಬರ್ ಬಂದರೆ ನಮ್ಮ ಮನೆಯದನ್ನೂ ನೋಡಲು ಹೇಳಿ" ಎಂದು ಎದ್ದರು.

ಇದಾಗಿ ಮೂರು ದಿನವಾಯಿತು. ಮೂಸಂಬಿ ಮುಗಿದಿದೆ, ಪ್ಲಂಬರ್ "ದಾರಿಯಲ್ಲೇ ಇದ್ದೀನಿ ಸಾರ್" ಎನ್ನುತ್ತಿದ್ದಾನೆ.