ಸಾಲಿನಲ್ಲಿ ನನ್ನ ಚೀಲ ನಿಲ್ಲಲಿ

ಕಳೆದ ಡಿಸೆಂಬರ್‌ನಲ್ಲಿ ಅಣ್ಣನ ಮಗಳು ಪುಟ್ಟಿಯ ಹಟಕ್ಕೆ ಮನೆಮಂದಿಯೆಲ್ಲ ಬೆಂಗಳೂರಿನ ಕಡೆಯ ಒಂದು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ಪಾರ್ಕಿನ ಹೆಸರು ಬರೆಯುವುದಿಲ್ಲ. ಅಲ್ಲಿ ಆದದ್ದು ಎಲ್ಲಿ ಬೇಕಾದರೂ ಆಗಬಹುದಾದದ್ದು. ಶಿವಮೊಗ್ಗಕ್ಕೆ ವಾಪಸ್ ಬಂದು ಎರಡು ದಿನ ಕಾಲು ಮೇಲಿಟ್ಟುಕೊಂಡು ಮಲಗಿದ್ದಾಗ ಇದನ್ನು ಬರೆಯಲೇಬೇಕು ಅನ್ನಿಸಿತು.

ನನ್ನನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂತು. ಎಡಗಾಲಿಗೆ ತೊಡೆಯಿಂದ ಪಾದದವರೆಗೆ ಕ್ಯಾಲಿಪರ್, ಅಂದರೆ ಕಾಲಿಗೆ ಆಧಾರ ಕೊಡುವ ಸರಳು, ಚರ್ಮದ ಪಟ್ಟಿಗಳ ಕಟ್ಟು. ಬಲಗೈಗೆ ಎಲ್ಬೋ ಕ್ರಚ್, ಮೊಣಕೈವರೆಗೆ ಬರುವ ಊರುಗೋಲು. ಈಗ 47 ವರ್ಷ. ದಿನಾ ಬಸ್ ಹತ್ತಿ ಆಫೀಸಿಗೆ ಹೋಗುತ್ತೇನೆ, ಸಂತೆಗೆ ಹೋಗುತ್ತೇನೆ, ಮದುವೆ ಮನೆಗಳಿಗೂ ಹೋಗುತ್ತೇನೆ. ನನಗೆ ಆಗದಿರುವುದು ಒಂದೇ ಕಡೆ ನಿಲ್ಲುವುದು. ಇದು ಜನಕ್ಕೆ ಬೇಗ ತಿಳಿಯುವುದಿಲ್ಲ. "ಅಷ್ಟು ದೂರದಿಂದ ನಡ್ಕೊಂಡು ಬಂದ್ರಲ್ಲ, ಇನ್ನು ಸ್ವಲ್ಪ ನಿಂತ್ಕೊಳ್ಳೋಕೆ ಏನು ಕಷ್ಟ?" ಅನ್ನುತ್ತಾರೆ. ನಡೆಯುವಾಗ ಮೈಭಾರ ಆ ಕಡೆ ಈ ಕಡೆ ಹೋಗುತ್ತಿರುತ್ತದೆ. ನಿಂತಾಗ ಎಲ್ಲಾ ಭಾರವೂ ಒಂದು ಕಾಲು, ಒಂದು ಅಂಗೈ ಮೇಲೆ ಕೂರುತ್ತದೆ. ಹತ್ತು ನಿಮಿಷಕ್ಕೆ ಅಂಗೈ ಜೋಮು ಹಿಡಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಕ್ಯಾಲಿಪರಿನ ಚರ್ಮದ ಪಟ್ಟಿ ಬೆವರಿಗೆ ನೆಂದು ತೊಡೆಯನ್ನು ಕೊರೆಯಲು ಶುರುಮಾಡುತ್ತದೆ. ಮೊಣಕಾಲಿನ ಹತ್ತಿರ ಒಂದು ಕಬ್ಬಿಣದ ರಿಂಗ್ ಇರುತ್ತದೆ. ಅದು ಕೆಳಗೆ ಜಾರಿ ಕೂತರೆ ಲಾಕ್, ಕಾಲು ನೆಟ್ಟಗೆ ನಿಲ್ಲುತ್ತದೆ. ಕೂರಬೇಕು ಅಂದರೆ ಚೂಡಿದಾರದ ಮೇಲಿಂದಲೇ ಹೆಬ್ಬೆರಳಲ್ಲಿ ಆ ರಿಂಗ್ ಮೇಲೆತ್ತಬೇಕು. ಆಗ ಟಕ್ ಅಂತ ಒಂದು ಸದ್ದು ಬರುತ್ತದೆ. ದಿನದಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಡುವ ಸದ್ದು ಅದು.

ಆ ದಿನ ಪುಟ್ಟಿ ಮೊದಲು ಹಿಡಿದದ್ದು ಒಂದು ದೊಡ್ಡ ರೋಲರ್ ಕೋಸ್ಟರಿನ, ಅಂದರೆ ಹಳಿ ಮೇಲೆ ಏರಿಳಿಯುತ್ತಾ ಓಡುವ ಗಾಡಿಯ, ಸಾಲು. ಸಾಲು ಅಂದರೆ ಕಬ್ಬಿಣದ ಪೈಪುಗಳ ನಡುವೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವ ದಾರಿ. ನಮ್ಮ ಕಡೆ ತೋಟದ ಬಾಯಿಗೆ ದಣಪೆ ಹಾಕುತ್ತೇವಲ್ಲ, ಅಂಥ ಇಪ್ಪತ್ತು ದಣಪೆ ಒಂದರ ಪಕ್ಕ ಒಂದು ಹಾಕಿದಂತೆ. ಒಳಗೆ ಹೋದಮೇಲೆ ಹಿಂದಕ್ಕೆ ಬರುವುದು ಕಷ್ಟ. ಕೂರಲು ಒಂದು ಕಲ್ಲೂ ಇಲ್ಲ. ನಾನು ಲೆಕ್ಕ ಹಾಕಿದೆ. ಒಂದು ಸಲಕ್ಕೆ 24 ಜನ, ಹತ್ತಿಸಿ ಇಳಿಸಿ ಒಂದು ಸುತ್ತಿಗೆ ನಾಲ್ಕು ನಿಮಿಷ. ಗಂಟೆಗೆ 360 ಜನ. ನಮ್ಮ ಮುಂದೆ ಸುಮಾರು 250 ಜನ ಇದ್ದರು. 40 ನಿಮಿಷ ಬೇಕು, ತಡೆಯಬಹುದು ಅಂದುಕೊಂಡೆ.

50 ನಿಮಿಷ ಆಯಿತು. ಮುಂದೆ ಬರೀ 30 ಜನ. ಆಗ ಮೈಕಿನಲ್ಲಿ ಹೇಳಿದರು, ತಾಂತ್ರಿಕ ಕಾರಣದಿಂದ ಈ ರೈಡ್ ಸದ್ಯಕ್ಕೆ ನಿಂತಿದೆ, ಯಾವಾಗ ಶುರುವಾಗುತ್ತದೆ ಹೇಳಲಾಗದು. ಹುಡುಗರೆಲ್ಲ "ಅಯ್ಯೋ" ಅಂದು ಪೈಪಿನ ಕೆಳಗೆ ನುಗ್ಗಿ ಇನ್ನೊಂದು ರೈಡಿನ ಕಡೆ ಓಡಿದರು. ಒಂದೇ ನಿಮಿಷದಲ್ಲಿ ಜಾಗ ಖಾಲಿ. ನಾನು ಬಂದ ದಾರಿಯಲ್ಲೇ, ಅದೇ ಸುತ್ತುಗಳಲ್ಲಿ, ಕ್ರಚ್ ಊರುತ್ತಾ ವಾಪಸ್ ಬಂದೆ. ಅವರಿಗೆಲ್ಲ ಹೋಗಿದ್ದು 50 ನಿಮಿಷ. ನನಗೆ ಹೋಗಿದ್ದು ಆ ದಿನಕ್ಕೆ ನನ್ನ ಬಳಿ ಇದ್ದ ಕಾಲು. ಬೆಳಿಗ್ಗೆ ಹನ್ನೊಂದೂವರೆಗೆ ನನ್ನ ದಿನ ಮುಗಿದಿತ್ತು.

ರೈಡ್ ನಿಲ್ಲಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಅಲ್ಲಿದ್ದ ಒಬ್ಬ ಹುಡುಗ ಚೆನ್ನಾಗಿ ತಿಳಿಸಿ ಹೇಳಿದ. ಹಳಿಯನ್ನು ಭಾಗ ಭಾಗ ಮಾಡಿರುತ್ತಾರೆ, ಒಂದು ಭಾಗದಲ್ಲಿ ಒಂದೇ ಗಾಡಿ ಇರಬೇಕು, ಎಲ್ಲಾದರೂ ಸೆನ್ಸರ್ ತಪ್ಪು ಸಿಗ್ನಲ್ ಕೊಟ್ಟರೆ ತಾನಾಗಿಯೇ ನಿಂತುಬಿಡುತ್ತದೆ. ಆಮೇಲೆ ಖಾಲಿ ಓಡಿಸಿ ನೋಡಿಯೇ ಜನರನ್ನು ಹತ್ತಿಸುವುದು. ಗಾಳಿ ಜಾಸ್ತಿಯಾದರೆ, ಸಿಡಿಲು ಬಂದರೆ ಕೂಡಾ ನಿಲ್ಲಿಸುತ್ತಾರೆ. ನಿಲ್ಲಿಸಲೇಬೇಕು. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿಮಳೆಗೆ ಲೈನ್ ಟ್ರಿಪ್ ಆದರೆ ರಾತ್ರಿಯಿಡೀ ಕತ್ತಲಲ್ಲಿ ಕೂರುತ್ತೇವೆ, ಯಾಕೆ ಅಂತ ಗೊತ್ತಿರುತ್ತದೆ.

ಕೆಲವು ರೈಡುಗಳಿಗೆ ನನ್ನನ್ನು ಹತ್ತಿಸುವುದಿಲ್ಲ ಅಂದರೂ ನಾನು ಒಪ್ಪುತ್ತೇನೆ. ಮಧ್ಯದಲ್ಲಿ ಎಲ್ಲೋ ಮೇಲೆ ನಿಂತುಬಿಟ್ಟರೆ ಹಳಿ ಪಕ್ಕದ ಕಿರಿದಾದ ಕಬ್ಬಿಣದ ಮೆಟ್ಟಿಲಲ್ಲಿ ಇಳಿದು ಬರಬೇಕು. ನನ್ನಿಂದ ಆಗದು. ಅದನ್ನು ಬಾಗಿಲಲ್ಲೇ ಹೇಳಿ ಅನ್ನುವುದಷ್ಟೇ ನನ್ನ ಮಾತು. ಮಧ್ಯಾಹ್ನ ಇನ್ನೊಂದು ಕಡೆ 35 ನಿಮಿಷ ನಿಂತಮೇಲೆ, ಸೀಟಿನ ಹತ್ತಿರ ಹೋದಾಗ, ಕ್ಯಾಲಿಪರ್ ನೋಡಿ "ಮೇಡಂ, ನಿಮಗೆ ಆಗಲ್ಲ" ಅಂದರು. ಹಿಂದೆ ನೂರಾರು ಜನ ನೋಡುತ್ತಿದ್ದರು. ಪುಟ್ಟಿ ನನ್ನ ಕೈ ಬಿಡದೆ "ಹಾಗಾದ್ರೆ ನಾನೂ ಕೂರಲ್ಲ" ಅಂದಳು. ಹನ್ನೊಂದು ವರ್ಷದ ಮಗು. ಅವಳ ಸಂತೋಷವೂ ಹೋಯಿತಲ್ಲ ಅಂತ ನನಗೆ ಆದ ಸಂಕಟ ಇಲ್ಲಿ ಬರೆಯಲು ಬರುವುದಿಲ್ಲ.

ಕಾಯುವುದೇ ಬೇಡ ಅಂತ ನಾನು ಕೇಳುತ್ತಿಲ್ಲ. ಸಿಗಂದೂರಿಗೆ ಹೋದವರಿಗೆಲ್ಲ ಅಂಬಾರಗೋಡ್ಲು ಕಡವು ನೆನಪಿರಬೇಕು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ಆಗುವವರೆಗೂ ರಜಾ ದಿನಗಳಲ್ಲಿ ಲಾಂಚಿಗೆ ಗಂಟೆಗಟ್ಟಲೆ ಕಾಯಬೇಕಿತ್ತು. ನಾನೂ ಕಾದಿದ್ದೇನೆ. ಆದರೆ ಸಾಲಿನಲ್ಲಿ ನಿಂತಿದ್ದು ನಮ್ಮ ಕಾರು. ನಾನು ಒಳಗೆ ಕೂತು ಅತ್ತಿಗೆ ಕಟ್ಟಿಕೊಂಡು ಬಂದ ಚಿತ್ರಾನ್ನ ತಿಂದು, ಹಿನ್ನೀರು ನೋಡುತ್ತಾ ಇದ್ದೆ. ಎರಡು ಗಂಟೆ ಕಾದರೂ ಕಾಲಿಗೆ ಏನೂ ಆಗಲಿಲ್ಲ.

ನ್ಯಾಯಬೆಲೆ ಅಂಗಡಿ ಮುಂದೆ ನಮ್ಮ ಜನ ಏನು ಮಾಡುತ್ತಾರೆ ನೋಡಿದ್ದೀರಲ್ಲ? ಸಾಲಿನಲ್ಲಿ ಅಕ್ಕಿ ಚೀಲ ಇಟ್ಟು ಕಟ್ಟೆ ಮೇಲೆ ನೆರಳಲ್ಲಿ ಕೂರುತ್ತಾರೆ. ಕೆಲವರು ಚಪ್ಪಲಿ ಬಿಟ್ಟು ಹೋಗುತ್ತಾರೆ. ಸಾಲು ಮುಂದೆ ಹೋದಾಗ ಪಕ್ಕದವರೇ ಚೀಲವನ್ನು ಒಂದು ಗೇಣು ಮುಂದೆ ಸರಿಸುತ್ತಾರೆ. ಯಾರೂ ಜಗಳ ಆಡುವುದಿಲ್ಲ. ಆ ಚೀಲ ಯಾರದು ಅಂತ ಎಲ್ಲರಿಗೂ ಗೊತ್ತು. ನನಗೆ ಬೇಕಾಗಿರುವುದು ಅದೇ. ಯಾರನ್ನೂ ಹಿಂದೆ ಹಾಕಿ ಮುಂದೆ ಹೋಗುವುದು ಬೇಡ. ನನ್ನ ಸರದಿ ಬರುವಷ್ಟು ಹೊತ್ತು ನಾನೂ ಕಾಯುತ್ತೇನೆ, ಆದರೆ ಕೂತು ಕಾಯುತ್ತೇನೆ.

ದೂರದ ದೇಶಗಳ ದೊಡ್ಡ ಪಾರ್ಕುಗಳಲ್ಲಿ ಇಂಥ ಪದ್ಧತಿ ಇದೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 2013ರಿಂದ, ಸಾಲಿನಲ್ಲಿ ನಿಲ್ಲಲು ಆಗದವರಿಗೆ ವಾಪಸ್ ಬರುವ ಹೊತ್ತನ್ನು ಬರೆದುಕೊಡುತ್ತಿದ್ದರು. ಸಾಲು ಒಂದು ಗಂಟೆಯಷ್ಟಿದ್ದರೆ ಸುಮಾರು ಅಷ್ಟೇ ಹೊತ್ತು ಬಿಟ್ಟು ಬನ್ನಿ ಅಂತ. 2024ರಲ್ಲಿ ಅದನ್ನು ಬಿಗಿ ಮಾಡಿದರು. ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಮಾತ್ರ ಅಂದರು. ನಡೆಯಲು, ನಿಲ್ಲಲು ಕಷ್ಟ ಇರುವವರು ವೀಲ್‌ಚೇರಿನಲ್ಲಿ ಸಾಲಿಗೆ ಬರಬಹುದಲ್ಲ ಅನ್ನುವುದು ಅವರ ವಾದ. ಅಲ್ಲಿನ ಸಾಲುಗಳಲ್ಲಿ ವೀಲ್‌ಚೇರ್ ಸಾಗುವಷ್ಟು ಜಾಗ ಇರುತ್ತದೆ, ಆದರೂ ಜನ ಬೇಸರ ಮಾಡಿಕೊಂಡರು. ನಾನು ಹೋದ ಕಡೆ ಗೇಟಿನಲ್ಲಿ ವೀಲ್‌ಚೇರ್ ಕೊಟ್ಟರು, ಒಳ್ಳೆಯದೇ. ಆದರೆ ಪೈಪುಗಳ ನಡುವೆ ಅದು ತಿರುಗಲಿಲ್ಲ. ಕೊನೆಯಲ್ಲಿ ಹದಿನೆಂಟು ಮೆಟ್ಟಿಲು.

ದುಡ್ಡು ಕೊಟ್ಟರೆ ಬೇಗ ಬಿಡುವ ಟಿಕೆಟ್ ಇದೆ, ಅದನ್ನು ತೆಗೆದುಕೊಳ್ಳಬಹುದಿತ್ತಲ್ಲ ಅಂತ ಅಣ್ಣನ ಸ್ನೇಹಿತರೊಬ್ಬರು ಕೇಳಿದರು. ತೆಗೆದುಕೊಳ್ಳಬಹುದು. ನಮ್ಮ ಮನೆಯ ಐದು ಜನಕ್ಕೆ ಆ ಲೆಕ್ಕದಲ್ಲಿ ಎಷ್ಟಾಗುತ್ತದೆ ನೋಡಿ. ನಿಲ್ಲಲು ಆಗದವರು ಕೂರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಕು ಅನ್ನುವುದು ನ್ಯಾಯ ಅಲ್ಲ, ನನಗೆ ಅದು ಒಪ್ಪಿಗೆ ಇಲ್ಲ.

ಕಾನೂನು ನಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗಳಿಗೆ ಮಾತ್ರ ಅಲ್ಲ, ಜನರಿಗೆ ಸೇವೆ ಕೊಡುವ ಖಾಸಗಿಯವರಿಗೂ ಅನ್ವಯಿಸುತ್ತದೆ. ಆಟ, ಮನರಂಜನೆಯಲ್ಲಿ ನಮಗೂ ಪಾಲು ಇರಬೇಕು ಅಂತ ಅದರಲ್ಲೇ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಇಳಿಜಾರು, ಬಾಗಿಲು, ಶೌಚಾಲಯ ಇಂಥವುಗಳ ನಿಯಮ ಬರೀ ಸಲಹೆಯಾಗಿ ಇದ್ದರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಕೋರ್ಟಿನ ಮಾತು ಟಿಕೆಟ್ ಕೌಂಟರಿನವರೆಗೆ ಬರಲು ಯಾರಾದರೂ ಕೇಳುತ್ತಲೇ ಇರಬೇಕು. ಅದಕ್ಕೇ ಪಾರ್ಕಿನವರಿಗೆ ಇಷ್ಟುದ್ದದ ಪತ್ರ ಬರೆದಿದ್ದೇನೆ.

ಪತ್ರದಲ್ಲಿ ಮೊದಲು ಕೇಳಿದ್ದು ಒಂದು ಬೋರ್ಡು. ಮಳೆಗಾಲದಲ್ಲಿ ನಮ್ಮ ಪೇಪರುಗಳಲ್ಲಿ ದಿನಾ ಜೋಗದ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ಬರುತ್ತದೆ. ತುಂಬಿದರೆ 1,819 ಅಡಿ. ಎಷ್ಟು ಬಾಕಿ ಇದೆ ನೋಡಿಕೊಂಡು, ತಾಳಗುಪ್ಪದಲ್ಲೋ ಕಾರ್ಗಲ್ಲಿನಲ್ಲೋ ಇರುವ ನೆಂಟರಿಗೆ ಫೋನ್ ಮಾಡಿ "ನೀರು ಬಿಟ್ಟಿದಾರಾ?" ಅಂತ ಕೇಳಿ ಆಮೇಲೆ ಜೋಗಕ್ಕೆ ಹೊರಡುತ್ತೇವೆ. ಜೋಗದ ತಳಕ್ಕೆ ಸುಮಾರು 1,400 ಮೆಟ್ಟಿಲು. ನಾನು ಇಳಿದಿಲ್ಲ, ಇಳಿಯುವುದೂ ಇಲ್ಲ. ಅದಕ್ಕೆ ಬೇಜಾರಿಲ್ಲ, ಮೆಟ್ಟಿಲು ಇವೆ ಅಂತ ಮನೆ ಬಿಡುವ ಮೊದಲೇ ಗೊತ್ತಿರುತ್ತದೆ. ಮೇಲೆ ಕಟಾಂಜನ ಹಿಡಿದು ನಿಂತು 830 ಅಡಿ ಆಳಕ್ಕೆ ಬೀಳುವ ರಾಜ ಧಾರೆಯನ್ನು ನೋಡಿ, ಮುಖಕ್ಕೆ ಹನಿ ತಾಗಿಸಿಕೊಂಡು, ಬಂದು ಕೂರುತ್ತೇನೆ. ಪಾರ್ಕಿನಲ್ಲೂ ಹಾಗೆಯೇ ಟಿಕೆಟ್ ಕೊಡುವ ಜಾಗದಲ್ಲಿ ಬರೆದು ಹಾಕಲಿ. ಇವತ್ತು ಯಾವ ರೈಡ್ ರಿಪೇರಿಯಲ್ಲಿದೆ, ಯಾವುದಕ್ಕೆ ಎಷ್ಟು ಮೆಟ್ಟಿಲು, ಕ್ಯಾಲಿಪರ್ ಹಾಕಿದವರು ಯಾವುದರಲ್ಲಿ ಕೂರಬಹುದು, ಯಾವುದರಲ್ಲಿ ಆಗದು.

ಚೀಲದ ವಿಷಯವನ್ನೂ ಪತ್ರದಲ್ಲಿ ಬರೆದಿದ್ದೇನೆ, ಅದು ನನಗೆ ಹೊಳೆದದ್ದು ಆ ಪಾರ್ಕಿನಲ್ಲೇ. ಸಾಯಂಕಾಲ ನಾಲ್ಕೂವರೆ. ನಾನು ಒಂದು ಬೇವಿನ ಮರದ ಕೆಳಗೆ ಕೂತಿದ್ದೆ. ಎದುರಿಗೆ ದೊಡ್ಡ ಚಕ್ರ, ನಿಧಾನಕ್ಕೆ ತಿರುಗುವಂಥದ್ದು. ಪುಟ್ಟಿ ಅದನ್ನೇ ನೋಡುತ್ತಿದ್ದಳು, ಕೇಳಲಿಲ್ಲ. ಬಾಗಿಲಲ್ಲಿದ್ದ ಹುಡುಗ, ಮಾತು ಕೇಳಿದರೆ ಹಾವೇರಿಯೋ ಗದಗೋ ಅನ್ನಿಸಿತು, ಬಹಳ ಹೊತ್ತು ನಮ್ಮನ್ನು ನೋಡಿ ಹತ್ತಿರ ಬಂದ. "ಅಕ್ಕಾರ, ಚೀಲ ಕೊಡ್ರಿ" ಅಂದ. ನನ್ನ ಹೆಗಲಚೀಲ ಇಸಕೊಂಡು ಹೋಗಿ ಸಾಲಿನ ಕೊನೆಯಲ್ಲಿದ್ದ ಅಜ್ಜನ ಕೈಗೆ ಕೊಟ್ಟು, "ಇದು ಆ ಅಕ್ಕಾರ ಪಾಳೇ, ನಿಮ್ಮ ಹಿಂದ" ಅಂತ ನಮ್ಮ ಕಡೆ ತೋರಿಸಿದ. ಅಜ್ಜ ನನ್ನ ಚೀಲವನ್ನು ಪೈಪಿಗೆ ನೇತುಹಾಕಿಕೊಂಡು, ತಾನು ಮುಂದೆ ಹೋದಾಗೆಲ್ಲ ಅದನ್ನೂ ತೆಗೆದು ಮುಂದೆ ಹಾಕುತ್ತಾ ಬಂದರು. 25 ನಿಮಿಷ ನಾನು ಮರದ ಕೆಳಗೆ ಕೂತೇ ಇದ್ದೆ, ಲಾಕ್ ಬಿಟ್ಟು, ಕಾಲು ಮಡಚಿ. ಕರೆದಾಗ ಹೋದೆ. ತೊಟ್ಟಿಲನ್ನು ನಿಲ್ಲಿಸಿ, ನಾನು ಕೂತು ಕ್ರಚ್ ಒಳಗೆ ಎಳೆದುಕೊಳ್ಳುವವರೆಗೂ ಅವನು ಕಾದ. ಆ ದಿನ ನಾನು ಕೂತಿದ್ದು ಅದೊಂದೇ.

ಮೇಲೆ ಹೋದಾಗ ಸಾಗರದ ಮಾರಿಕಾಂಬೆ ಜಾತ್ರೆ ನೆನಪಾಯಿತು. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಅಪ್ಪಯ್ಯ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ತೊಟ್ಟಿಲಿನವನು ನಮ್ಮನ್ನು ಕಂಡರೆ ಚಕ್ರವನ್ನು ಕೈಯಲ್ಲೇ ಹಿಡಿದು ನಿಲ್ಲಿಸುತ್ತಿದ್ದ. ಆ ತೊಟ್ಟಿಲಿಗೆ ಬೆಲ್ಟಿರಲಿಲ್ಲ, ಈಗ ನೆನೆಸಿಕೊಂಡರೆ ಭಯ ಆಗುತ್ತದೆ. ಆದರೆ ಅವನು ನಿಲ್ಲಿಸುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ನಮ್ಮಂಥವರು ಇನ್ನು ಕಡಿಮೆಯಾಗುತ್ತಾರೆ, ಅದೇ ದೊಡ್ಡ ಸಂತೋಷ. ಆದರೆ ಮಂಡಿ ಸವೆದ ಅಮ್ಮಂದಿರು, ಅಡಿಕೆ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡವರು, ಪಾರ್ಶ್ವವಾಯು ಆಗಿ ಕೋಲು ಹಿಡಿದವರು ನಮ್ಮ ಊರುಗಳಲ್ಲಿ ಎಷ್ಟು ಜನ ಇಲ್ಲ? ಮೊಮ್ಮಕ್ಕಳು ಕರೆದಾಗ "ನೀವು ಹೋಗ್ಬನ್ನಿ, ನಾನು ಮನೇಲೇ ಇರ್ತೀನಿ" ಅನ್ನುತ್ತಾರೆ. ಅವರಿಗೂ ಹೋಗುವ ಆಸೆ ಇರುತ್ತದೆ. ನಿಲ್ಲಬೇಕಲ್ಲ ಅನ್ನುವ ಭಯಕ್ಕೆ ಹಾಗನ್ನುತ್ತಾರೆ. ದಯವಿಟ್ಟು ಅವರನ್ನು ಒಂದು ಸಲ ಸರಿಯಾಗಿ ಕೇಳಿ.

ಕರೆದುಕೊಂಡು ಹೋಗುವುದಾದರೆ ನಾನು ಕಲಿತದ್ದು ಇಷ್ಟು. ಡಿಸೆಂಬರ್, ಜನವರಿ ಬೇಡ, ಶಾಲೆಗಳ ಪ್ರವಾಸದ ಬಸ್ಸುಗಳು ತುಂಬಿರುತ್ತವೆ. ಏಪ್ರಿಲ್, ಮೇ ರಜೆಯೂ ಬೇಡ. ಹಿಂದಿನ ದಿನ ಫೋನ್ ಮಾಡಿ ಯಾವ ರೈಡ್ ನಿಂತಿದೆ ಕೇಳಿ. ಗೇಟು ತೆಗೆಯುವ ಹೊತ್ತಿಗೆ ಹೋಗಿ, ತುಂಬಾ ಇಷ್ಟವಾದ ಒಂದೇ ರೈಡನ್ನು ಮೊದಲು ಮಾಡಿ. ಹತ್ತಿಸುತ್ತಾರಾ ಅಂತ ಬಾಗಿಲಲ್ಲೇ ಕೇಳಿಕೊಂಡು ಆಮೇಲೆ ಸಾಲಿಗೆ ಸೇರಿ. ಮಡಚುವ ಸಣ್ಣ ಸ್ಟೂಲ್ ಇರಲಿ. ವಿಕಲಚೇತನರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಕೈಗೆ ಸಿಗುವ ಹಾಗಿರಲಿ, ಮಾಡಿಸದವರು ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಕ್ಯಾಲಿಪರ್ ಹಾಕುವವರು ನೀರಿನ ಆಟದ ಕಡೆ ಹೋಗಬೇಡಿ. ಪಟ್ಟಿಯ ಚರ್ಮ ನೆಂದರೆ ಬಿರುಸಾಗಿ ಮಾರನೇ ದಿನ ಕಾಲು ಸುಲಿಯುತ್ತದೆ.

ಇನ್ನೊಂದು ಕೋರಿಕೆ, ನಮ್ಮ ಜಾತ್ರೆ ಸಮಿತಿಗಳಲ್ಲಿ ಇರುವವರಿಗೆ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ ಆಗಲಿ, ಸಾಗರದ್ದಾಗಲಿ, ಜೈಂಟ್ ವ್ಹೀಲ್‌ಗೆ ಜಾಗ ಗುರುತು ಮಾಡುವಾಗ ಅದರ ಪಕ್ಕ ನಾಲ್ಕು ಕುರ್ಚಿಗೂ ಒಂದು ಶಾಮಿಯಾನಕ್ಕೂ ಜಾಗ ಬಿಡಿಸಿ. ಜಾಸ್ತಿ ಖರ್ಚಿಲ್ಲ.

ಪತ್ರಕ್ಕೆ ಉತ್ತರ ಬಂದಿಲ್ಲ. ಇವತ್ತು ಇನ್ನೊಂದು ಬರೆದು ಅಂಚೆಗೆ ಹಾಕಿದೆ. ಪುಟ್ಟಿ ಬೆಳಿಗ್ಗೆ ಫೋನ್ ಮಾಡಿ "ಅತ್ತೆ, ಮತ್ತೆ ಯಾವಾಗ ಹೋಗೋದು?" ಅಂದಳು. ನವೆಂಬರ್‌ನಲ್ಲಿ, ಮಂಗಳವಾರವೋ ಬುಧವಾರವೋ ನೋಡಿ ಹೋಗೋಣ ಅಂದಿದ್ದೇನೆ. ಒಂದು ದಿನಕ್ಕೆ ಶಾಲೆಗೆ ರಜಾ ಹಾಕಿಸಲು ಅಣ್ಣನನ್ನು ಒಪ್ಪಿಸುವುದು ಅವಳ ಕೆಲಸ.