ಶಾಪ ಕಳೆದಿದೆ, ಅನುಮಾನ ಇರುವುದು ಬೇರೆ ಕಡೆ

ಲೇಖನ ಇಷ್ಟವಾಯಿತು. ಆದರೆ 'ದಿ ಕಿಲ್ಲಿಂಗ್ ಆಫ್ ಎ ಸೇಕ್ರೆಡ್ ಡಿಯರ್' (2017) ಸಿನಿಮಾದ ಕೊನೆಯಲ್ಲಿ ಶಾಪ ಕಳೆಯಿತೋ ಇಲ್ಲವೋ ತಿಳಿಯುವುದಿಲ್ಲ ಅಂದಿದ್ದೀರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಅಪ್ಪ ಆಪರೇಷನ್ ಟೇಬಲ್ ಮೇಲೆ ಸತ್ತ ಅಂತ ಮಾರ್ಟಿನ್ ಎಂಬ ಹುಡುಗ ಡಾಕ್ಟರ್ ಸ್ಟೀವನ್‌ಗೆ ಹಾಕಿದ ಶಾಪ ಅದು: ನಿನ್ನ ಮನೆಯವರಲ್ಲಿ ಒಬ್ಬರನ್ನು ನೀನೇ ಕೊಲ್ಲು, ಇಲ್ಲದಿದ್ದರೆ ಹೆಂಡತಿ ಮಕ್ಕಳೆಲ್ಲ ಸಾಯುತ್ತಾರೆ. ಕೊನೆಯ ಹೋಟೆಲಿನ ದೃಶ್ಯ ಇನ್ನೊಮ್ಮೆ ನೋಡಿ. ಮಾರ್ಟಿನ್ ಹೇಳಿದ್ದೇನು? ಮೊದಲು ಕಾಲು ಸ್ವಾಧೀನ ತಪ್ಪುತ್ತದೆ, ಆಮೇಲೆ ಊಟ ಸೇರುವುದಿಲ್ಲ, ಆಮೇಲೆ ಕಣ್ಣಲ್ಲಿ ರಕ್ತ, ಕೊನೆಗೆ ಸಾವು. ಇಲ್ಲಿ ಸ್ಟೀವನ್ ಮಗಳು ಕಿಮ್ ಫ್ರೈಸ್ ಮೇಲೆ ಕೆಚಪ್ ಹಾಕಿಕೊಂಡು ತಿನ್ನುತ್ತಾಳೆ. ಎದ್ದು ನಡೆದೇ ಹೋಗುತ್ತಾಳೆ. ಅವಳ ತಮ್ಮ ಬಾಬ್ ಅಪ್ಪನ ಕೈಯಲ್ಲೇ ಸತ್ತ, ಲೆಕ್ಕ ಚುಕ್ತಾ.

ಗೊಂದಲ ಇರುವುದು ಆ ಮನೆಯೊಳಗೆ. ಸಿನಿಮಾದ ಹೆಸರಿನ ಹಿಂದಿರುವ ಗ್ರೀಕ್ ಕಥೆಯಲ್ಲಿ ರಾಜ ಅಗಮೆಮ್ನಾನ್ ಆರ್ಟೆಮಿಸ್ ದೇವಿಯ ಜಿಂಕೆ ಕೊಂದ ತಪ್ಪಿಗೆ ಮಗಳು ಇಫಿಜೀನಿಯಾಳನ್ನು ಬಲಿ ಕೊಡಬೇಕಾಗುತ್ತದೆ. (ಕಿಮ್ ಇಫಿಜೀನಿಯಾ ಬಗ್ಗೆ ಬರೆದ ಪ್ರಬಂಧದ ಮಾತು ಶಾಲೆಯ ದೃಶ್ಯದಲ್ಲಿ ಸುಮ್ನೆ ಬಂದು ಹೋಗುತ್ತದೆ, ಗಮನಿಸಿದಿರಾ?) ಕೆಲವರು ಹೇಳುವ ಕಥೆಯಲ್ಲಿ ದೇವಿ ಕಡೇ ಗಳಿಗೆಯಲ್ಲಿ ಹುಡುಗಿಯ ಬದಲು ಜಿಂಕೆ ಇಟ್ಟು ಅವಳನ್ನು ಉಳಿಸುತ್ತಾಳೆ. ಈ ಸಿನಿಮಾದಲ್ಲಿ ಅಂಥ ದಯೆ ಇಲ್ಲ. ಆದರೆ ಕಥೆ ಬಲಿಗೇ ಮುಗಿಯುವುದಿಲ್ಲ ಅಲ್ವಾ? ಟ್ರಾಯ್ ಯುದ್ಧ ಗೆದ್ದು ಮನೆಗೆ ಬಂದ ಅಗಮೆಮ್ನಾನ್‌ನನ್ನು, ಮಗಳನ್ನು ಬಲಿ ಕೊಟ್ಟ ಸೇಡಿಗೆ, ಹೆಂಡತಿ ಕ್ಲೈಟೆಮ್ನೆಸ್ಟ್ರಾ ಕೊಂದೇ ಬಿಡುತ್ತಾಳೆ.

ಎಲ್ಲರೂ ಆ ಹೋಟೆಲಿನಲ್ಲಿ ಕಿಮ್, ಮಾರ್ಟಿನ್ ಕಡೆ ನೋಡಿದ್ದನ್ನೇ ಹಿಡಿದುಕೊಂಡಿದ್ದಾರೆ. ಮುಂದೆ ಕ್ಲೈಟೆಮ್ನೆಸ್ಟ್ರಾಳಂತೆ ಸೇಡು ತೀರಿಸಿಕೊಳ್ಳುವವಳು ಯಾರು ಅಂದರೆ, ನನಗೆ ಕಿಮ್‌ಳ ಅಮ್ಮ ಆನ್ನಾ ಮೇಲೆಯೇ ಜಾಸ್ತಿ ಅನುಮಾನ. ಒಂದೇ ತೊಡಕು. ಮಕ್ಕಳಲ್ಲಿ ಒಬ್ಬರು ಹೋಗಲಿ, ನಮಗೆ ಇನ್ನೊಂದು ಮಗು ಆಗಬಹುದು ಅಂದವಳೂ ಅವಳೇ. ಗಂಡನ ಮೇಲೆ ಸೇಡು ತೀರಿಸಿಕೊಳ್ಳೋಕೆ ಅವಳಿಗೆ ಮುಖ ಎಲ್ಲಿದೆ?