ಫಾರ್ಮ್ಯಾಟ್ ಮಾಡಿಸುವ ಮೊದಲು ಆ ಸಣ್ಣ ಅಕ್ಷರ ಓದಿ

ಪರದೆಯ ಬಲಮೂಲೆಯಿಂದ ಕೆಂಪು ಚೌಕವೊಂದು ಜಾರಿ ಬರುತ್ತದೆ: 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈಗಲೇ ಸ್ಕ್ಯಾನ್ ಮಾಡಿ.' ಮುಚ್ಚಿದರೆ ಇನ್ನೊಂದು, 'ಆಂಟಿವೈರಸ್ ಅವಧಿ ಮುಗಿದಿದೆ.' ಅದನ್ನೂ ಮುಚ್ಚಿದರೆ ಯಾವುದೋ ಜೂಜಿನ ಜಾಹೀರಾತು. ಗಾಬರಿಯಾಗಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ವೈರಸ್ ಸಾರ್, ಫಾರ್ಮ್ಯಾಟ್ ಹೊಡೀಬೇಕು.' ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ. ಅದೂ ಹೋಗಲಿ, ಮೂಗು ಕೊಯ್ದ ಮೇಲೂ ನೆಗಡಿ ವಾಪಸ್ ಬರುವ ದಾರಿ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಚೌಕವನ್ನೇ ಸರಿಯಾಗಿ ನೋಡಿ. ದೊಡ್ಡ ಅಕ್ಷರದ ಬೆದರಿಕೆ ಬಿಡಿ. ಅದರ ಆಸುಪಾಸಿನಲ್ಲಿ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಎಂಬ ಹೆಸರು, ಜೊತೆಗೆ ಅರ್ಥವಿಲ್ಲದ ಯಾವುದೋ ವೆಬ್‌ಸೈಟ್ ವಿಳಾಸ ಇದ್ದರೆ ಅದು ವೈರಸ್ಸೇ ಅಲ್ಲ, ನೋಟಿಫಿಕೇಷನ್. ವಾಟ್ಸಾಪ್ ವೆಬ್ ಸಂದೇಶ ಬಂದಾಗ ಮೂಲೆಯಲ್ಲಿ ಏನು ಕಾಣಿಸುತ್ತದೋ ಅದೇ ಜಾತಿ. ಪುಕ್ಕಟೆ ಸಿನಿಮಾ, ಕ್ರಿಕೆಟ್ ಲೈವ್ ತೋರಿಸುವ ಸೈಟುಗಳಲ್ಲಿ 'ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ' ಅಂತ ಬರುತ್ತದಲ್ಲ, ಅಲ್ಲಿ ಯಾರೋ ಒತ್ತಿದ್ದರ ಫಲ. ಆ ಅಲೋ ಬಟನ್ನಿಗೂ ರೋಬೋಟ್ ಪರೀಕ್ಷೆಗೂ ಯಾವ ಸಂಬಂಧವೂ ಇಲ್ಲ. ಬಟನ್ ಬ್ರೌಸರಿನದ್ದು, ಮೇಲಿನ ಸುಳ್ಳು ಸೈಟಿನದ್ದು.

ತೆಗೆಯುವುದು ಎರಡು ನಿಮಿಷದ ಕೆಲಸ. ಕ್ರೋಮ್‌ನಲ್ಲಿ ಮೂರು ಚುಕ್ಕಿ, 'ಸೆಟ್ಟಿಂಗ್ಸ್', 'ಪ್ರೈವೆಸಿ ಅಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಷನ್ಸ್'. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಪ್ರತಿಯೊಂದರ ಪಕ್ಕದ ಚುಕ್ಕಿ ಒತ್ತಿ 'ಬ್ಲಾಕ್' ಕೊಡಿ. 'ರಿಮೂವ್' ಕೊಟ್ಟರೆ ಸದ್ಯಕ್ಕೆ ನಿಲ್ಲುತ್ತದೆ, ಆದರೆ ಆ ಸೈಟಿಗೆ ಮತ್ತೆ ಹೋದಾಗ ಮತ್ತೆ ಕೇಳುತ್ತದೆ, ಮತ್ತೆ ಯಾರೋ ಅಲೋ ಒತ್ತುತ್ತಾರೆ. ಅದೇ ಪುಟದ ಮೇಲ್ಭಾಗದಲ್ಲಿ ಯಾವ ಸೈಟೂ ಅನುಮತಿ ಕೇಳಲೇಬಾರದು ಎಂಬ ಆಯ್ಕೆಯೂ ಇದೆ. ಮನೆಯಲ್ಲಿ ಹಿರಿಯರೋ ಮಕ್ಕಳೋ ಬಳಸುವ ಕಂಪ್ಯೂಟರ್ ಆದರೆ ಅದನ್ನು ಕಣ್ಣುಮುಚ್ಚಿ ಹಾಕಿಬಿಡಿ. ಎಡ್ಜ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಹುಡುಕುಪೆಟ್ಟಿಗೆಯಲ್ಲಿ 'ನೋಟಿಫಿಕೇಷನ್ಸ್' ಎಂದು ಟೈಪ್ ಮಾಡಿದರೆ ಇದೇ ಪಟ್ಟಿ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲೂ ಹಾಗೆಯೇ, ಹೊಸ ಕೋರಿಕೆಗಳನ್ನೆಲ್ಲ ತಡೆಯುವ ಟಿಕ್ ಪಟ್ಟಿಯ ಕೆಳಗೇ ಇದೆ.

ಹೆಚ್ಚಿನವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಮುಗಿಯದವರಿಗೆ ಒಂದು ಮಾತು: ಜಾಹೀರಾತು ಎಲ್ಲಿ ಕಾಣಿಸುತ್ತದೆ ಎಂಬುದರಲ್ಲೇ ಅದರ ಮನೆ ಎಲ್ಲಿದೆ ಎಂಬುದೂ ಇದೆ. ಸರ್ಚ್ ಮಾಡಿದರೆ ಗೂಗಲ್ ಬದಲು ಬೇರೆಲ್ಲೋ ಹೋಗುತ್ತದೆ, ಓದುವ ಪುಟದ ಪದಗಳಿಗೆಲ್ಲ ಲಿಂಕ್ ಅಂಟಿಕೊಂಡಿರುತ್ತದೆ ಎಂದರೆ ಮೊದಲ ಅನುಮಾನ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂ) ಮೇಲೆ. ಯಾರೂ ಮುಟ್ಟದೆಯೇ ಬ್ರೌಸರ್ ತೆರೆದುಕೊಂಡು ಜಾಹೀರಾತು ತೋರಿಸುತ್ತದೆ ಎಂದರೆ ವಿಂಡೋಸ್ ಒಳಗೆ ಏನೋ ಕೂತಿದೆ. ಒಂದೇ ವೈಫೈನಲ್ಲಿರುವ ಫೋನು, ಟಿವಿ, ಲ್ಯಾಪ್‌ಟಾಪ್ ಮೂರರಲ್ಲೂ ಅದೇ ಕಾಟ ಎಂದರೆ ರೂಟರ್ ನೋಡಬೇಕು. ಹೀಗೆ ವಿಂಗಡಿಸದೆ ಕಂಡಕಂಡ 'ಕ್ಲೀನರ್' ಇಳಿಸಿಕೊಳ್ಳುವುದರಿಂದಲೇ ಒಂದು ಆಡ್‌ವೇರ್ (ಬೇಡದ ಜಾಹೀರಾತು ತುರುಕುವ ತಂತ್ರಾಂಶ) ಮೂರಾಗುವುದು.

ಎಕ್ಸ್‌ಟೆನ್ಷನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಅಡ್ರೆಸ್ ಬಾರ್ ಪಕ್ಕದ ಪಜಲ್ ತುಣುಕಿನ ಚಿತ್ರ ಒತ್ತಿ 'ಮ್ಯಾನೇಜ್ ಎಕ್ಸ್‌ಟೆನ್ಷನ್ಸ್'ಗೆ ಹೋಗಿ. ಪಿಡಿಎಫ್ ಕನ್ವರ್ಟರ್, ಕೂಪನ್ ಹುಡುಕುವುದು, ವಿಡಿಯೋ ಡೌನ್‌ಲೋಡರ್ ಇಂಥವು ಇದ್ದರೆ ಒಂದೊಂದರ 'ಡೀಟೇಲ್ಸ್' ತೆರೆದು ಅನುಮತಿ ಓದಿ. 'ಎಲ್ಲ ವೆಬ್‌ಸೈಟುಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಓದಬಹುದು, ಬದಲಿಸಬಹುದು' ಎಂಬರ್ಥದ ಸಾಲು ಇದ್ದರೆ ನಿಮ್ಮ ಬ್ಯಾಂಕಿನ ಪುಟವೂ ಅದರ ಲೆಕ್ಕದಲ್ಲಿ ಸೇರಿದೆ ಎಂದರ್ಥ. ಪಿಡಿಎಫ್ ಬದಲಾಯಿಸಲು ಇದೆಲ್ಲ ಏಕೆ ಬೇಕು?

ಹಳೆಯ, ಒಳ್ಳೆಯ ಹೆಸರಿನ ಎಕ್ಸ್‌ಟೆನ್ಷನ್ ಎಂದೂ ನಂಬಿ ಕೂರುವಂತಿಲ್ಲ. ಬಳಸದ ಟ್ಯಾಬುಗಳನ್ನು ಮಲಗಿಸುವ 'ದಿ ಗ್ರೇಟ್ ಸಸ್ಪೆಂಡರ್' ಎಂಬ ಎಕ್ಸ್‌ಟೆನ್ಷನ್ ಅನ್ನು ಲಕ್ಷಗಟ್ಟಲೆ ಜನ ವರ್ಷಗಳ ಕಾಲ ಬಳಸಿದರು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಎಂದು ಸ್ಟೋರಿನಿಂದ ತೆಗೆದುಹಾಕಿತು. ಬಳಸುತ್ತಿದ್ದವರು ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಿರಲಿಲ್ಲ, ಅಪ್‌ಡೇಟ್ ತನ್ನಷ್ಟಕ್ಕೆ ಬಂದಿತ್ತು. ಹಾಗಾಗಿ ಬಳಸದ ಎಕ್ಸ್‌ಟೆನ್ಷನ್ 'ಇರಲಿ ಬಿಡು' ಅಂತ ಇಟ್ಟುಕೊಳ್ಳುವುದು ಬೇಡ.

ಕೆಲವೊಮ್ಮೆ 'ರಿಮೂವ್' ಬಟನ್ನೇ ಇರುವುದಿಲ್ಲ. ಬ್ರೌಸರ್ ಮೆನುವಿನ ಕೊನೆಯಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಎಂದಿರುತ್ತದೆ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇದು ಸಹಜ, ಮುಟ್ಟಬೇಡಿ, ಐಟಿಯವರಿಗೆ ಹೇಳಿ. ಸ್ವಂತ ಕಂಪ್ಯೂಟರ್ ಆದರೆ ನಿಮ್ಮ ಮನೆಗೆ ಆರ್ಗನೈಸೇಷನ್ ಎಲ್ಲಿಂದ ಬಂತು? ಕೆಲವು ಆಂಟಿವೈರಸ್‌ಗಳೂ ಈ ಸಾಲು ತರಿಸುತ್ತವೆ, ಆದ್ದರಿಂದ ಮೊದಲು ಖಚಿತ ಮಾಡಿಕೊಳ್ಳಿ: ಅಡ್ರೆಸ್ ಬಾರಿನಲ್ಲಿ ಕ್ರೋಮ್ ಎಂದು ಟೈಪ್ ಮಾಡಿ, ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಹಾಕಿ ಎಂಟರ್ ಒತ್ತಿ. 'ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' ಎಂಬ ಸಾಲು, ಅದರ ಮುಂದೆ 32 ಅಕ್ಷರಗಳ ಉದ್ದನೆಯ ಗುರುತು ಕಂಡರೆ, ಕಂಪನಿಗಳಿಗಾಗಿ ಇರುವ ಸೌಲಭ್ಯವನ್ನು ಆಡ್‌ವೇರ್ ದುರುಪಯೋಗ ಮಾಡಿಕೊಂಡಿದೆ ಅಂತ ಅನುಮಾನಿಸಬೇಕು. ಇದು ಕೂತಿರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ (ಸ್ಟಾರ್ಟ್ ಮೆನುವಿನಲ್ಲಿ 'ರಿಜಿಸ್ಟ್ರಿ ಎಡಿಟರ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ತೆರೆಯುತ್ತದೆ): 'ಎಚ್‌ಕೀ ಲೋಕಲ್ ಮೆಷೀನ್', ಅದರೊಳಗೆ 'ಸಾಫ್ಟ್‌ವೇರ್', 'ಪಾಲಿಸೀಸ್', 'ಗೂಗಲ್', 'ಕ್ರೋಮ್'. ಆ ಕ್ರೋಮ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೊದಲು 'ಎಕ್ಸ್‌ಪೋರ್ಟ್' ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ, ಆಮೇಲೆ ಡಿಲೀಟ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. 'ಎಚ್‌ಕೀ ಕರೆಂಟ್ ಯೂಸರ್' ಒಳಗೂ ಇದೇ ದಾರಿಯಲ್ಲಿ ಒಮ್ಮೆ ನೋಡಿ. ರಿಜಿಸ್ಟ್ರಿ ಅಂದರೆ ಕೈ ನಡುಗುವವರು ಇದನ್ನು ಬಿಟ್ಟು ಮುಂದೆ ಹೇಳುವ ಆಡ್‌ಡಬ್ಲ್ಯೂಕ್ಲೀನರ್ ಬಳಸಿ, ಇಂಥ ಪಾಲಿಸಿಗಳನ್ನು ಅಳಿಸುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲೇ ಇದೆ.

ಬ್ರೌಸರ್ ತಾನೇ ತೆರೆದುಕೊಳ್ಳುತ್ತಿದ್ದರೆ ಮೂರು ಕಡೆ ಹುಡುಕಬೇಕು. ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಟಾರ್ಗೆಟ್' ಪೆಟ್ಟಿಗೆ. ಅಲ್ಲಿನ ಸಾಲು ಕ್ರೋಮ್ ಡಾಟ್ ಇಎಕ್ಸ್‌ಇಗೆ ಮುಗಿಯಬೇಕು. ಅದರ ಮುಂದೆ ವೆಬ್ ವಿಳಾಸ ಅಂಟಿಕೊಂಡಿದ್ದರೆ ಅಳಿಸಿ (ಪ್ರೊಫೈಲ್ ಡೈರೆಕ್ಟರಿ ಎಂದಿದ್ದರೆ ಅದು ಕ್ರೋಮ್‌ನದೇ, ಇರಲಿ). ಎರಡನೆಯದು ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟ್‌ಅಪ್ ಆಪ್ಸ್', ಅಂದರೆ ಕಂಪ್ಯೂಟರ್ ಆನ್ ಆದೊಡನೆ ತಾವಾಗಿ ಓಡುವವುಗಳ ಪಟ್ಟಿ. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ: ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂಗಳನ್ನು ಓಡಿಸುವ ಟಾಸ್ಕ್ ಶೆಡ್ಯೂಲರ್. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿ ತೆರೆದು, ಎಡಗಡೆ 'ಲೈಬ್ರರಿ' ಒತ್ತಿ, ಒಂದೊಂದು ಟಾಸ್ಕಿನ 'ಆಕ್ಷನ್ಸ್' ನೋಡಿ. ಬ್ರೌಸರಿನ ಹೆಸರಿನ ಜೊತೆ ವೆಬ್ ವಿಳಾಸ ಇದ್ದರೆ, ಪ್ರತಿ ಗಂಟೆಗೋ ಪ್ರತಿ ಸಲ ಲಾಗಿನ್ ಆದಾಗಲೋ ಓಡುವಂತೆ 'ಟ್ರಿಗರ್' ಇದ್ದರೆ ಕಳ್ಳ ಸಿಕ್ಕ. ಮೈಕ್ರೋಸಾಫ್ಟ್ ಹೆಸರಿನ ಒಳಫೋಲ್ಡರಿನಲ್ಲಿರುವುದನ್ನು ಮಾತ್ರ ಗೊತ್ತಿಲ್ಲದೆ ಕೆದಕಬೇಡಿ.

ಜೊತೆಗೆ 'ಸೆಟ್ಟಿಂಗ್ಸ್', 'ಆಪ್ಸ್', 'ಇನ್‌ಸ್ಟಾಲ್ಡ್ ಆಪ್ಸ್'ಗೆ ಹೋಗಿ ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನವೇ ಬಂದು ಕೂತ ಅಪರಿಚಿತರು ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಡ್ರೈವರ್ ಅಪ್‌ಡೇಟರ್, ಪಿಸಿ ಸ್ಪೀಡ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್ ಇವು ಯಾವ ಕಂಪನಿಯದ್ದಾದರೂ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನ್ಯ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟೇ ಕೊಡುತ್ತದೆ.

ಇಷ್ಟಾದ ಮೇಲೆ ಸ್ಕ್ಯಾನ್. ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯೂಕ್ಲೀನರ್ ಪುಕ್ಕಟೆ, ಇನ್‌ಸ್ಟಾಲ್ ಮಾಡುವ ಅಗತ್ಯವೂ ಇಲ್ಲ. ಆದರೆ ಸರ್ಚ್ ಮಾಡಿ ಮೊದಲು ಕಂಡ ಲಿಂಕ್ ಒತ್ತಬೇಡಿ, ಅದೇ ಜಾಹೀರಾತಾಗಿರಬಹುದು. ಕಂಪನಿಯ ವಿಳಾಸವನ್ನು ಕೈಯಲ್ಲೇ ಟೈಪ್ ಮಾಡಿ. ಸ್ಕ್ಯಾನ್ ಕೆಲವೇ ನಿಮಿಷ. ಫಲಿತಾಂಶದಲ್ಲಿ 'ಪ್ರೀಇನ್‌ಸ್ಟಾಲ್ಡ್ ಸಾಫ್ಟ್‌ವೇರ್' ಎಂಬ ಬೇರೆ ಪಟ್ಟಿಯೂ ಬರುತ್ತದೆ. ಅದು ಲ್ಯಾಪ್‌ಟಾಪ್ ಕಂಪನಿ ಹಾಕಿಕೊಟ್ಟ ಸಾಮಾನು, ಕೀಬೋರ್ಡಿನ ವಿಶೇಷ ಕೀಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಕೂಡ ಅದರಲ್ಲಿ ಇರಬಹುದು, ಎಲ್ಲಕ್ಕೂ ಟಿಕ್ ಹಾಕಿ ಅಳಿಸಿಬಿಡಬೇಡಿ. ಕ್ರೋಮ್‌ನ ಒಳಗೇ ಇದ್ದ ಕ್ಲೀನಪ್ ಟೂಲ್ ಬಳಸಿ ಎಂದು ಹೇಳುವ ಹಳೆಯ ವಿಡಿಯೋಗಳು ಈಗಲೂ ಓಡಾಡುತ್ತಿವೆ. ಗೂಗಲ್ ಅದನ್ನು 2023ರಲ್ಲೇ ನಿಲ್ಲಿಸಿದೆ, ಹುಡುಕಬೇಡಿ. ಅದರ ಬದಲು ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್' ಕೊಟ್ಟರೆ ಹೋಮ್‌ಪೇಜ್, ಸರ್ಚ್ ಎಂಜಿನ್ ಮೊದಲಿನಂತಾಗಿ ಎಕ್ಸ್‌ಟೆನ್ಷನ್‌ಗಳು ಆಫ್ ಆಗುತ್ತವೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಹೋಗುವುದಿಲ್ಲ.

ಮುಂದೆ ಬರದಂತೆ ಮಾಡುವುದಕ್ಕೆ ವಿಂಡೋಸ್‌ನಲ್ಲೇ ಒಂದು ಸ್ವಿಚ್ ಇದೆ. 'ವಿಂಡೋಸ್ ಸೆಕ್ಯುರಿಟಿ' ತೆರೆದು 'ಆಪ್ ಅಂಡ್ ಬ್ರೌಸರ್ ಕಂಟ್ರೋಲ್', ಅದರೊಳಗೆ 'ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್'. 'ಪೊಟೆನ್ಶಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್' ಕೆಳಗಿನ ಎರಡೂ ಟಿಕ್ ಇರಲಿ. ಎರಡನೆಯ ಟಿಕ್, ಅಂದರೆ ಡೌನ್‌ಲೋಡ್ ತಡೆಯುವುದು, ಎಡ್ಜ್‌ಗೆ ಮಾತ್ರ ಅನ್ವಯಿಸುತ್ತದೆ. ಕ್ರೋಮ್ ಬಳಸುವವರಿಗೆ ಮೊದಲನೆಯದೇ ಕಾವಲು.

ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬೇಕು. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಆರಿಜಿನ್ ಪೂರ್ತಿಯಾಗಿ ಕೆಲಸ ಮಾಡುತ್ತದೆ. ಕ್ರೋಮ್ ತನ್ನ ನಿಯಮ ಬದಲಿಸಿದ್ದರಿಂದ ಅಲ್ಲಿ ಅದರ 'ಲೈಟ್' ಆವೃತ್ತಿಗೆ ತೃಪ್ತಿಪಡಬೇಕು. ಜಾಹೀರಾತು ತಡೆದರೆ ಸೈಟಿನವರ ಹೊಟ್ಟೆಪಾಡೇನು ಎನ್ನುವವರಿಗೆ: ನಂಬುವ ಸುದ್ದಿತಾಣಗಳಿಗೆ ವಿನಾಯಿತಿ ಕೊಡಿ, ಒಂದು ಕ್ಲಿಕ್ಕಿನ ಕೆಲಸ. ಸರ್ಚ್ ಜಾಹೀರಾತಿನ ಮೂಲಕ ನಡೆಯುವ ಮೋಸದ ಬಗ್ಗೆ ಎಚ್ಚರಿಸುತ್ತಾ ಅಮೆರಿಕದ ಎಫ್‌ಬಿಐ ಕೂಡ 2022ರ ಡಿಸೆಂಬರಿನಲ್ಲಿ ಆಡ್ ಬ್ಲಾಕರ್ ಬಳಸಿ ಎಂದೇ ಹೇಳಿತು.

ಇನ್ನು ಡೌನ್‌ಲೋಡ್. 'ಒಳ್ಳೆಯ ಸೈಟಿನಿಂದಲೇ ಇಳಿಸಿಕೊಂಡೆ' ಎಂಬ ಮಾತಿಗೆ ಅರ್ಧ ಬೆಲೆ ಮಾತ್ರ. 2011ರಲ್ಲಿ ಡೌನ್‌ಲೋಡ್ ಡಾಟ್ ಕಾಮ್, ಎನ್‌ಮ್ಯಾಪ್ ಎಂಬ ಪ್ರಸಿದ್ಧ ಉಚಿತ ತಂತ್ರಾಂಶಕ್ಕೆ ಟೂಲ್‌ಬಾರ್ ಸುತ್ತಿ ಹಂಚುತ್ತಿತ್ತು. ಅದನ್ನು ಬರೆದವರೇ ಬಹಿರಂಗವಾಗಿ ಜಗಳ ತೆಗೆದರು. 2015ರಲ್ಲಿ ಸೋರ್ಸ್‌ಫೋರ್ಜ್ ಸೈಟು ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶಕ್ಕೆ ಇದೇ ಗತಿ ಮಾಡಿತು. ಹಾಗಾಗಿ ತಂತ್ರಾಂಶ ಮಾಡಿದವರ ಸ್ವಂತ ಸೈಟು, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್. ಇನ್‌ಸ್ಟಾಲ್ ಮಾಡುವಾಗ 'ಎಕ್ಸ್‌ಪ್ರೆಸ್' ಬಿಟ್ಟು 'ಕಸ್ಟಮ್' ಆರಿಸಿ. 'ಡಿಕ್ಲೈನ್' ಬಟನ್ನನ್ನು ಬೇಕೆಂದೇ ಮಸುಕು ಬಣ್ಣದಲ್ಲಿ, ಒತ್ತಲು ಆಗುವುದಿಲ್ಲವೇನೋ ಎಂಬಂತೆ ಇಟ್ಟಿರುತ್ತಾರೆ. ಒತ್ತಿ ನೋಡಿ, ಒತ್ತಬಹುದು.

ಕನ್ನಡದವರು ಎಡವುವ ಒಂದು ಜಾಗ, ಟೈಪಿಂಗ್ ತಂತ್ರಾಂಶ. ಕನ್ನಡ ಕೀಬೋರ್ಡ್ ಬೇಕೆಂದು ಸರ್ಚ್ ಮಾಡಿ, ಸಿಕ್ಕ ಪುಟದ ದೊಡ್ಡ ಹಸಿರು 'ಡೌನ್‌ಲೋಡ್' ಬಟನ್ ಒತ್ತುತ್ತಾರೆ. ಆ ಹಸಿರು ಬಟನ್ ಎಷ್ಟೋ ಸಲ ಜಾಹೀರಾತು, ನಿಜವಾದ ಲಿಂಕ್ ಕೆಳಗೆಲ್ಲೋ ಸಣ್ಣದಾಗಿ ಇರುತ್ತದೆ. ಬಟನ್ ಮೇಲೆ ಮೌಸ್ ಇಟ್ಟು, ಒತ್ತದೆ, ಕೆಳಗಿನ ಎಡಮೂಲೆಯಲ್ಲಿ ಮೂಡುವ ವಿಳಾಸ ಓದಿ. ಯೂನಿಕೋಡ್ ಸಾಕು ಎನ್ನುವವರು ಏನನ್ನೂ ಇಳಿಸಿಕೊಳ್ಳಬೇಕಿಲ್ಲ: 'ಟೈಮ್ ಅಂಡ್ ಲ್ಯಾಂಗ್ವೇಜ್' ಒಳಗೆ ಕನ್ನಡ ಸೇರಿಸಿಕೊಂಡರೆ ಕೀಬೋರ್ಡ್ ಬರುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ ಕೂಡ 2019ರಿಂದ ವಿಂಡೋಸ್‌ನಲ್ಲೇ ಇದೆ. ಡಿಟಿಪಿಯವರ ಹಳೆಯ ಫಾಂಟುಗಳ ಕಥೆ ಬೇರೆ.

ರೂಟರ್ ಬಗ್ಗೆ ಚಿಕ್ಕದಾಗಿ: ಒಳಗೆ ಲಾಗಿನ್ ಆಗಿ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದು ಎಲ್ಲಿದೆ ಎಂದು ಹೇಳುವ ವ್ಯವಸ್ಥೆ) ವಿಳಾಸ ನೋಡಿ, ಅನುಮಾನ ಇದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ರೀಸೆಟ್ ಮಾಡುವ ಮೊದಲು ಇಂಟರ್ನೆಟ್ ಕೊಟ್ಟವರಿಂದ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಳ್ಳದಿದ್ದರೆ ನೆಟ್ಟೇ ಹೋಗುತ್ತದೆ.

ಫಾರ್ಮ್ಯಾಟ್ ಮಾಡಿದರೂ ನೆಗಡಿ ವಾಪಸ್ ಬರುವ ದಾರಿ ಹೇಳುತ್ತೇನೆ ಎಂದಿದ್ದೆ. ಹೊಸ ವಿಂಡೋಸ್ ಹಾಕಿ, ಕ್ರೋಮ್ ಹಾಕಿ, ಗೂಗಲ್ ಖಾತೆಗೆ ಲಾಗಿನ್ ಆಗಿ ಸಿಂಕ್ (ಖಾತೆಯಲ್ಲಿ ಉಳಿಸಿದ್ದು ಮರಳಿ ಇಳಿಯುವುದು) ಆದೊಡನೆ ಹಳೆಯ ಎಕ್ಸ್‌ಟೆನ್ಷನ್‌ಗಳು ಸಾಲಾಗಿ ಬಂದು ಕೂರುತ್ತವೆ, ಕಾಟ ಕೊಡುತ್ತಿದ್ದದ್ದೂ ಸೇರಿ. ಇನ್ನೊಂದು ದಾರಿ ಕಂಪನಿಯ ರಿಕವರಿ. ಅದು ಲ್ಯಾಪ್‌ಟಾಪ್ ಕೊಂಡ ದಿನ ಏನಿತ್ತೋ ಅದನ್ನೇ ಮರಳಿ ಹಾಕುತ್ತದೆ. ಕೊಂಡ ದಿನವೇ ಆಡ್‌ವೇರ್ ಇದ್ದ ಉದಾಹರಣೆಯೂ ಇದೆ. 2014ರ ಕೊನೆಯಲ್ಲಿ ಮಾರಾಟವಾದ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಕೂತಿತ್ತು. ಬ್ಯಾಂಕಿನಂಥ ಸುರಕ್ಷಿತ (ಎಚ್‌ಟಿಟಿಪಿಎಸ್) ಪುಟಗಳ ಒಳಗೂ ಜಾಹೀರಾತು ತುರುಕಲು ಅದು ತನ್ನದೇ ರೂಟ್ ಸರ್ಟಿಫಿಕೇಟ್ (ಯಾವ ಸೈಟನ್ನು ನಂಬಬೇಕೆಂದು ಕಂಪ್ಯೂಟರಿಗೆ ಹೇಳುವ ಪ್ರಮಾಣಪತ್ರ) ಹಾಕಿಕೊಂಡಿತ್ತು, ಅದೂ ಎಲ್ಲ ಯಂತ್ರಗಳಿಗೂ ಒಂದೇ ಗುಪ್ತ ಕೀ. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಉಳಿಯುತ್ತಿತ್ತು, ಅದನ್ನು ಬೇರೆಯಾಗಿ ತೆಗೆಯಬೇಕಿತ್ತು. 2015ರ ಫೆಬ್ರವರಿಯಲ್ಲಿ ಬಯಲಾಗಿ, 2017ರಲ್ಲಿ ಕಂಪನಿ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಹಾಗಾದರೆ ಫಾರ್ಮ್ಯಾಟ್ ಯಾವಾಗ? ಎರಡು ಸಂದರ್ಭದಲ್ಲಿ ಹಿಂದೆಮುಂದೆ ನೋಡಬೇಡಿ. ಒಂದು, ಪರದೆ ತುಂಬಾ ಎಚ್ಚರಿಕೆ ಬಂದು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ಆ ಕಡೆಯವರು ಹೇಳಿದಂತೆ ದೂರದಿಂದ ಕಂಪ್ಯೂಟರ್ ನಡೆಸುವ ಆಪ್ ಹಾಕಿಕೊಂಡಿದ್ದರೆ. (ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.) ಎರಡು, 'ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಕೊಡಿ' ಎಂದು ಒಂದು ಪುಟ ಹೇಳಿದ್ದನ್ನು ಮಾಡಿಬಿಟ್ಟಿದ್ದರೆ. ಅದು ಆಡ್‌ವೇರ್ ಮಟ್ಟ ದಾಟಿದ್ದು. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನು ನಿಮ್ಮ ಕೈಯಿಂದಲೇ ಓಡಿಸಿಕೊಂಡ ಹಾಗೆ. ಆಗ ಮೊದಲು ನೆಟ್ ಕತ್ತರಿಸಿ. ಬೇರೆ ಫೋನಿನಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋಟೊ, ಕಡತಗಳನ್ನು ಮಾತ್ರ ಪೆನ್‌ಡ್ರೈವಿಗೆ ತೆಗೆದುಕೊಳ್ಳಿ, ಇನ್‌ಸ್ಟಾಲರುಗಳನ್ನು ಬೇಡ. ಮೈಕ್ರೋಸಾಫ್ಟ್ ಸೈಟಿನಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಮಾಡಿಕೊಂಡು, ಹಳೆಯ ಪಾರ್ಟಿಷನ್ (ಡಿಸ್ಕಿನ ವಿಭಾಗ) ಅಳಿಸಿ ಹೊಸದಾಗಿ ಹಾಕಿ. ಕೊನೆಗೆ ಕ್ರೋಮ್‌ಗೆ ಲಾಗಿನ್ ಆಗುವಾಗ ಸಿಂಕ್ ಪಟ್ಟಿಯಲ್ಲಿ 'ಎಕ್ಸ್‌ಟೆನ್ಷನ್ಸ್' ಆಫ್ ಮಾಡಿಡಿ.